ಮೂವತ್ತು ಮನೆಯ ಹೆಸರು

ಭಂಕೂರಿನ ಹೊಳೆದಂಡೆಯ ಹನುಮಂತದೇವರ ಗುಡಿಯಲ್ಲಿ ದಿನವೂ ಮಧ್ಯಾಹ್ನ ಪ್ರಸಾದವುಂಟು. ಅನ್ನ, ಸಾರು, ಒಂದು ಪಲ್ಯ. ಶನಿವಾರ ಮಾತ್ರ ಗೋಧಿ ಹುಗ್ಗಿ. ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ದಿನದ ಸೇವೆ. ಆ ಹೆಸರನ್ನು ಮೊದಲು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದರು. ಒಬ್ಬರಿಗೆ ‘ಶ್ರೀಮಾನ್’ ಬೇಕು, ಇನ್ನೊಬ್ಬರಿಗೆ ‘ಮಾಜಿ ಪಂಚಾಯತಿ ಸದಸ್ಯರು’ ಬೇಕು. ಒಬ್ಬರಂತೂ ತಂದೆ, ತಾತ, ಮುತ್ತಾತನವರೆಗೆ ಬರೆಸಿ, ಹಲಗೆ ಸಾಲದೆ ಗೋಡೆಗೆ ಇಳಿದರು. ಪೂಜಾರಿಗೆ ಪೂಜೆಗಿಂತ ಬರವಣಿಗೆಯೇ ಹೆಚ್ಚಾಯಿತು. ಕೊನೆಗೆ ಗುಡಿಯ ಕಮಿಟಿಯ ಅಧ್ಯಕ್ಷ ಅಣವೀರಪ್ಪ ಒಂದು ಕಾಯ್ದೆ ಮಾಡಿದ. ಹಲಗೆಯ ಮೇಲೆ ಹೆಸರು ಮಾತ್ರ ಇರಬೇಕು. ಬಿರುದು ಕೂಡದು, ಅಡ್ಡಹೆಸರು ಕೂಡದು, ತಂದೆಯ ಹೆಸರೂ ಗಂಡನ ಹೆಸರೂ ಕೂಡದು. ದೇವರ ಮುಂದೆ ಎಲ್ಲರೂ ಬರೀ ಹೆಸರು.

ಈ ಅಣವೀರಪ್ಪನೂ ನಾನೂ ಒಂದೇ ವಾರಿಗೆಯವರು. ಒಂದನೇ ಇಯತ್ತೆಯಲ್ಲಿ ಅವನು ನನ್ನ ಬೆನ್ನ ಹಿಂದೆ ಕೂತವನು, ಅಂದಿನಿಂದ ಎಲ್ಲಿ ಸಾಲು ನಿಂತರೂ ನನ್ನ ಹಿಂದೆಯೇ ನಿಲ್ಲುತ್ತಾನೆ. ರೇಷನ್ ಅಂಗಡಿಯಲ್ಲಿ ಹಾಗೆ, ಮತ ಹಾಕುವಲ್ಲಿಯೂ ಹಾಗೆ. ನನ್ನ ಬೆನ್ನಿಗೆ ಅವನ ಮಾತಿನ ಕಾಟ ಅರವತ್ತು ವರ್ಷದ್ದು.

ನನ್ನ ಕಸುಬು ಕಲ್ಲಿನ ಮೇಲೆ ಅಕ್ಷರ ಕೆತ್ತುವುದು. ಶಹಾಬಾದಿನ ಕಲ್ಲನ್ನು ಮನೆಗೆ ಹಾಸುವವರು ಬಹಳ. ಅದರ ಮೇಲೆ ಉಳಿ ಹಿಡಿದು ಹೆಸರು ಬರೆಯುವವರು ನಮ್ಮ ಸೀಮೆಯಲ್ಲಿ ಈಗ ನಾನೊಬ್ಬನೇ ಎನ್ನಬಹುದು. ಬಾವಿ ತೋಡಿಸಿದವರ ಹೆಸರು, ಸಾಲೆ ಕಟ್ಟಿಸಿದವರ ಹೆಸರು, ತೀರಿಹೋದವರ ಗದ್ದುಗೆಯ ಹೆಸರು ಎಲ್ಲ ನನ್ನ ಕೈಯಿಂದಲೇ ಆದವು. ನನಗೆ ಕಸುಬು ಕಲಿಸಿದ ನಮ್ಮಪ್ಪ ಒಂದು ಪದ್ಧತಿ ಹಾಕಿಕೊಟ್ಟಿದ್ದ. ಹೆಸರು ಮುಗಿದ ಕೂಡಲೇ ನಾಲ್ಕೆಸಳಿನ ಒಂದು ಸಣ್ಣ ಹೂವು ಕೆತ್ತಬೇಕು. “ಹೆಸರು ಬಾಗಿಲು ತೆಗೆದು ಬಿಟ್ಟಂಗ ಬಿಡಬಾರದು. ಹೂವು ಇಲ್ಲಂದ್ರ ನಾಳೆ ಯಾರರೆ ಬಂದು ಅದರ ಬೆನ್ನಿಗೆ ತಮ್ಮ ಹೆಸರು ಹಚ್ಚತಾರ” ಎನ್ನುತ್ತಿದ್ದ.

ನಾನು ಕೆತ್ತಿದ ಕಲ್ಲನ್ನು ಉಜ್ಜಿ ನುಣುಪು ಮಾಡುತ್ತಿದ್ದವಳು ನನ್ನ ಹೆಂಡತಿ ಶಿವಕಾಂತಮ್ಮ. ಅವಳಿಗೆ ಓದು ಬರುತ್ತಿರಲಿಲ್ಲ. ತೋರುಬೆರಳನ್ನು ಮೊದಲ ಅಕ್ಷರದ ಕುಳಿಯಲ್ಲಿ ಇಟ್ಟು, ಒಂದೊಂದನ್ನೇ ಮುಟ್ಟುತ್ತ ಹೋಗುತ್ತಿದ್ದಳು. ಎಲ್ಲಿ ಚುಚ್ಚಿತೋ ಅಲ್ಲಿ ಉಜ್ಜುವಳು. ಬೆರಳಿಗೆ ಹೂವು ತಗುಲಿದಾಗ “ಮುಗೀತು” ಎಂದು ಏಳುವಳು. ಎಷ್ಟೋ ಜನರ ಹೆಸರು ಅವಳ ಬೆರಳ ಕೆಳಗೆ ಹಾಯ್ದುಹೋಯಿತು. ಅವಳ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಇರಲಿಲ್ಲ. ಹೋದ ವರ್ಷ ದೇವರು ಅವಳನ್ನು ಕರೆದುಕೊಂಡ. ಹೊಳೆಯ ದಂಡೆಯ ನಮ್ಮ ಹೊಲದಲ್ಲಿಯೇ ಮಣ್ಣು ಮಾಡಿದೆವು. ಆ ವಾರವೇ ಒಂದು ಕಲ್ಲು ಆರಿಸಿ ಅವಳ ಹೆಸರು ಕೆತ್ತಿದೆ. ಆದರೆ ನೆಡಲಿಲ್ಲ. ಹಿತ್ತಲ ಗೋಡೆಗೆ ಆನಿಸಿ, ಮೇಲೆ ಗೋಣಿತಟ್ಟು ಹೊದಿಸಿಟ್ಟೆ. ಯಾರಾದರೂ ಕೇಳಿದರೆ “ಇನ್ನೂ ಜರಾ ಕೆಲಸ ಅದ” ಎನ್ನುತ್ತಿದ್ದೆ. ವರ್ಷದುದ್ದಕ್ಕೂ ಅದೇ ಉತ್ತರ.

ವರ್ಷದ ದಿನ ಶನಿವಾರಕ್ಕೆ ಬಂತು. ಅಂದಿನ ಪ್ರಸಾದ ಅವಳ ಹೆಸರಿನಲ್ಲಿ ಆಗಬೇಕೆಂದು ಗುಡಿಯ ಪುಸ್ತಕದಲ್ಲಿ ಬರೆಸಿದೆ. ಜನರ ಕಣ್ಣ ಮುಂದೆ ಅವಳ ಹೆಸರು ಒಂದು ದಿನವಾದರೂ ಪೂರ್ತಿಯಾಗಿ, ತಪ್ಪಿಲ್ಲದೆ ಇರಬೇಕು. ನನಗೆ ಬೇಕಾದುದು ಇಷ್ಟೇ. ನಾನು ಬರೆಸಿ ತಿರುಗುವಷ್ಟರಲ್ಲಿ ಬೆನ್ನ ಹಿಂದೆ ಅಣವೀರಪ್ಪ ನಿಂತಿದ್ದ. “ಮರುದಿನ ರವಿವಾರ ನನ್ನ ಹುಟ್ಟಿದ ದಿನ, ನನ್ನ ಹೆಸರು ಬರ್ಕೋರಿ” ಎಂದು ಪೂಜಾರಿಗೆ ಹೇಳಿದ. ಅವನ ಹಿಂದೆ ಬಸವಂತರಾಯ ಮಾಸ್ತರರು ನಿಂತಿದ್ದರು, ಅವರಿಗೆ ಸೋಮವಾರ.

ಈ ವರ್ಷ ಕರಿಹಲಗೆ ಹೋಗಿ ಅದರ ಜಾಗದಲ್ಲಿ ಕೆಂಪು ದೀಪದ ಅಕ್ಷರ ಓಡುವ ಬೋರ್ಡು ಬಂದಿತ್ತು. ಚಿತ್ತಾಪುರದಿಂದ ತಂದದ್ದು. ಹೆಸರು ಓಡಿಸುವ ಪ್ರೋಗ್ರಾಮು ಮಾತ್ರ ನನ್ನ ಮಗಳು ಸುಶ್ಮಿತಾ ಬರೆದದ್ದು. ಅವಳು ಸೇಡಂನಲ್ಲಿ ಡಿಪ್ಲೊಮಾ ಹುಡುಗರಿಗೆ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಾಳೆ. ವರ್ಷದ ದಿನಕ್ಕೆ ಮುಂಚಿನ ರವಿವಾರ ಬಂದವಳು ಮುಂದಿನ ಹದಿನೈದು ದಿನದ ಹೆಸರುಗಳನ್ನು, ಒಂದಾದ ಮೇಲೊಂದು ಓಡುವಂತೆ, ಬೋರ್ಡಿಗೆ ತುಂಬಿ, ನಾಲ್ಕು ಗಂಟೆಯ ಪ್ಯಾಸೆಂಜರ್ ಹಿಡಿದು ವಾಡಿಯ ಮೇಲೆ ಸೇಡಂಗೆ ಹೋದಳು. ಹೋಗುವಾಗ, “ಅವ್ವನ ಹೆಸರು ಛಂದ ಕಾಣ್ತದ ಅಪ್ಪಾ, ಮುಂಜಾನಿ ಹೋಗಿ ನೋಡು” ಎಂದಳು.

ಸೋಮವಾರ ಮುಂಜಾನೆ ನಾನು ಹೋಗುವ ಮೊದಲೇ ಅಣವೀರಪ್ಪನ ಹೆಂಡತಿ ಭಾಗ್ಯಮ್ಮ ನಮ್ಮ ಮನೆಗೆ ಬಂದಳು. ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೆಯೇ ಮೆತ್ತಿತ್ತು.

“ಜಟ್ಟೆಪ್ಪಣ್ಣಾ, ಹೊರಗ ಬರ್ರಿ ಜರಾ.”

“ಏನಾತು ತಂಗಿ? ಕುಂದ್ರು.”

“ಕುಂದರ್ಲಿಕ್ಕಿ ಬಂದಿಲ್ರಿ. ಒಂದ ಮಾತು ಕೇಳ್ತೀನಿ, ಖರೇ ಹೇಳ್ರಿ. ಶಿವಕಾಂತಕ್ಕ ಯಾರ ಹೇಂತಿ?”

“ನನ್ನ ಹೇಂತಿ.”

“ನಲವತ್ತು ವರ್ಷ ನಾನೂ ಹಾಂಗೇ ತಿಳ್ಕೊಂಡಿದ್ದೆ. ಗುಡಿ ಬೋರ್ಡು ಬ್ಯಾರೆ ಹೇಳ್ಲಕತ್ತದ.”

ನಾನು ಚಪ್ಪಲಿ ಮೆಟ್ಟಿಕೊಂಡು ಗುಡಿಗೆ ಹೋದೆ. ಅಲ್ಲಿ ಪ್ರಸಾದದ ವೇಳೆಗಿಂತ ಹೆಚ್ಚು ಜನ ಸೇರಿದ್ದರು. ಎಲ್ಲರ ಕತ್ತೂ ಮೇಲೆ. ಕೆಂಪು ಅಕ್ಷರಗಳು ಒಂದರ ಹಿಂದೆ ಒಂದು ಮೆಲ್ಲಗೆ ಓಡಿಬಂದವು: ‘ಶನಿವಾರ, ಕೈಲಾಸವಾಸಿ ಶಿವಕಾಂತಮ್ಮಅಣವೀರಪ್ಪ ಇವರ ಸ್ಮರಣೆಗೆ.’

ನಮ್ಮ ಕಡೆ ಹೆಂಗಸಿನ ಹೆಸರಿನ ಬೆನ್ನಿಗೆ ಗಂಡಸಿನ ಹೆಸರು ಬಂದರೆ ಅವನು ಗಂಡ. ರೇಷನ್ ಕಾರ್ಡಿನಲ್ಲಿ ಹಾಗೆ, ಹೊಲದ ಪಹಣಿಯಲ್ಲಿ ಹಾಗೆ, ಮದುವೆಯ ಪತ್ರಿಕೆಯಲ್ಲಿಯೂ ಹಾಗೆಯೇ. ಇದಕ್ಕೆ ವಿವರಣೆ ಯಾರೂ ಕೇಳುವುದಿಲ್ಲ. ಅದರ ಮೇಲೆ, ಗಂಡನ ಹೆಸರು ಕೂಡದೆಂದು ಕಾಯ್ದೆ ಇರುವ ಬೋರ್ಡಿನಲ್ಲಿ ಕಾಯ್ದೆ ಮಾಡಿದವನ ಹೆಸರೇ ಗಂಡನಾಗಿ ಓಡುತ್ತಿದ್ದರೆ ಜನ ಸುಮ್ಮನಿರುತ್ತಾರೆಯೇ?

“ಅಧ್ಯಕ್ಷರು ಕಾಯ್ದಾ ಮುರದ್ರಲ್ಲೋ!” ಎಂದನೊಬ್ಬ.

“ಕಾಯ್ದಾ ಮುರಿಲಿ ಬಿಡು, ಸಂಸಾರ ಮುರೀಬಾರ್ದು” ಎಂದನು ಇನ್ನೊಬ್ಬ.

ಅಣವೀರಪ್ಪ ಕಂಬದ ಹಿಂದೆ ನಿಂತಿದ್ದ. ನನ್ನನ್ನು ಕಂಡೊಡನೆ ಹೊರಗೆ ಬಂದ. “ಏ ಜಟ್ಟೆಪ್ಪ, ನಿನ್ನ ಮಗಳು ಏನು ಮಾಡಿಟ್ಟಾಳೋ ಇದು? ಮನ್ಯಾಗ ನನಗ ಚಹಾ ಬಂದ್ ಆಗ್ಯಾದ.”

“ನನ್ನ ಹೇಂತಿ ಹೋಗ್ಯಾಳ, ನಿನಗ ಬರೀ ಚಹಾ ಹೋಗ್ಯಾದ. ಸುಮ್ಮನಿರು” ಎಂದೆ. ಸಿಟ್ಟಿನಲ್ಲಿ ಆಡಿದ ಮಾತು ಅದು. ಅವನು ತಲೆ ತಗ್ಗಿಸಿದ. ನನಗೂ ಕೆಡುಕೆನಿಸಿತು.

ಮಧ್ಯಾಹ್ನದೊಳಗೆ ಬೋರ್ಡಿನ ಚಿತ್ರ ಫೋನಿನಿಂದ ಫೋನಿಗೆ ಹಾರಿ ಊರು ದಾಟಿತು. ವಾಡಿಯಿಂದ ನನ್ನ ಹೆಂಡತಿಯ ತಮ್ಮ ಅಂಬರೇಶ ಫೋನು ಮಾಡಿದ. ಅವನು ರೈಲ್ವೆಯಲ್ಲಿ ಕೆಲಸಕ್ಕಿರುವವನು, ಯಾವುದನ್ನೂ ವಿಚಾರಣೆ ಮಾಡದೆ ಬಿಡುವವನಲ್ಲ.

“ಮಾಮಾ, ಅಕ್ಕನ್ನ ನಾವು ನಿಮಗೇ ಕೊಟ್ಟಿದ್ವಲ್ರಿ?”

“ಹೌದೋ.”

“ವಾಟ್ಸಾಪಿನಾಗ ಬ್ಯಾರೆ ಬರ್ಲಕತ್ತದ. ಚಿಂಚೋಳಿ ಮಂದಿ ನನಗ ಕೇಳ್ಲಕತ್ತಾರ. ಶನಿವಾರ ಎಲ್ಲಾರೂ ಬರ್ತಾರ. ಅಷ್ಟರಾಗ ಬರೋಬ್ಬರಿ ಮಾಡ್ರಿ, ಇಲ್ಲಂದ್ರ ಚಿಂಚೋಳಿ ಕಾಕಾ ಬೋರ್ಡಿಗೇ ಕಲ್ಲು ಒಗೀತಾನ.”

ಮಗಳಿಗೆ ಫೋನು ಮಾಡಿದೆ. ಅವಳು ನಂಬಲಿಲ್ಲ. “ನಾ ಇಲ್ಲಿ ಕಾಲೇಜಿನಾಗ ಹಾಕಿ ನೋಡಿದೆ ಅಪ್ಪಾ. ಅವ್ವನ ಹೆಸರು ಇಂಗ್ಲಿಷಿನಾಗ ಬಡದ್ರ ಸಾಫ್ ಬರ್ಲಕತ್ತದ. ಬೋರ್ಡಿನ ವೈರೇ ಗಲತ್ ಇರಬೇಕು” ಎಂದಳು. ಆದರೂ ಮಂಗಳವಾರ ಪಾಠ ಮುಗಿಸಿಕೊಂಡು ಬಂದಳು. ಅಣವೀರಪ್ಪ ಗುಡಿಯ ಮೆಟ್ಟಿಲ ಮೇಲೆಯೇ ಕಾಯುತ್ತಿದ್ದ.

“ತಂಗಿ ಸುಶ್ಮಿತಾ, ನನ್ನ ಹುಟ್ಟಿದ ದಿನಾನೇ ಬ್ಯಾಡವ್ವಾ. ನನ್ನ ಹೆಸರು ತಗದು ಹಾಕು. ಈ ವರ್ಷ ನಾ ಹುಟ್ಟೇ ಇಲ್ಲ ಅಂತ ತಿಳ್ಕೋ.”

ಬೋರ್ಡಿನ ಹಿಂದಿನ ತಗಡಿನ ಪೆಟ್ಟಿಗೆ ತೆಗೆದು, ವೈರುಗಳನ್ನೆಲ್ಲ ಬಿಗಿಮಾಡಿ, ಪಟ್ಟಿಯಿಂದ ಅವನ ಹೆಸರನ್ನು ತೆಗೆದಳು. ರವಿವಾರ ಬರಿದಾಗಬಾರದೆಂದು ಹಿಂದಿನವರನ್ನೆಲ್ಲ ಒಂದೊಂದು ದಿನ ಮುಂದಕ್ಕೆ ತಂದಳು. ಕೊನೆಯ ರೈಲಿಗೆ ಹೊತ್ತಾಗಿತ್ತು. ಬೋರ್ಡು ಮತ್ತೆ ಹೊತ್ತಿಕೊಳ್ಳುವುದನ್ನು ಕಾಯದೆ ಓಡಿದಳು.

ಬುಧವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಬಸವಂತರಾಯ ಮಾಸ್ತರರು ಬಂದು ನಿಂತರು. ಎಂಬತ್ತನಾಲ್ಕರ ವಯಸ್ಸು. ನನಗೂ ಅಣವೀರಪ್ಪನಿಗೂ ಎರಡನೇ ಇಯತ್ತೆಯಲ್ಲಿ ಕಲಿಸಿದವರು. ಹನುಮಂತದೇವರ ಭಕ್ತರು, ಆಜನ್ಮ ಬ್ರಹ್ಮಚಾರಿ. ಕೋಲನ್ನು ನೆಲಕ್ಕೆ ಕುಟ್ಟಿದರು.

“ಜಟ್ಟೆಪ್ಪಾ, ಇಷ್ಟ ವರ್ಷ ನಾ ಕಾಪಾಡಿಕೊಂಡು ಬಂದದ್ದು ಒಂದೇ ರಾತ್ರ್ಯಾಗ ಹೋಯ್ತಲ್ಲಪ್ಪಾ.”

“ಏನ್ ಹೋಯ್ತು ಸರ್?”

“ನಾ ಮದಿವಿ ಆಗಿಲ್ಲ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಇವತ್ತು ಮುಂಜಾನಿ ಆಗಿ ಕುಂತೀನಿ. ಅದೂ ನನ್ನ ವಿದ್ಯಾರ್ಥಿ ಹೇಂತಿ ಜೋಡಿ!”

ನಾನು ಅವರ ಕಾಲು ಮುಟ್ಟಿದೆ. ಒಳಗೆ ಕರೆದು ಕೂರಿಸಿ ಹಾಲು ಕಾಸಿಕೊಟ್ಟೆ. ಅವರು ಕುಡಿಯುತ್ತ, ಶಿವಕಾಂತಮ್ಮನ ಚಿತ್ರದ ಕಡೆ ನೋಡದೆ ಮುಖ ತಿರುಗಿಸಿಕೊಂಡೇ ಕೂತರು. ಆ ಕ್ಷಣ ನನಗೆ ನಗು ಬಂತು. ಒಂದು ವರ್ಷದ ಮೇಲೆ ಬಂದ ಮೊದಲನೆಯ ನಗು. ಅವಳು ಇದ್ದಿದ್ದರೆ ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಡುತ್ತಿದ್ದಳು ಎಂದುಕೊಂಡೆ. ನಗು ಅಲ್ಲಿಗೆ ನಿಂತಿತು.

ಸಂಜೆ ಗುಡಿಯಲ್ಲಿ ಕಮಿಟಿ ಕೂಡಿತು. ಅಣವೀರಪ್ಪನ ಮುಖದಲ್ಲಿ ಎರಡು ದಿನದ ಮೇಲೆ ಕಳೆ ಬಂದಿತ್ತು. ಗಂಡನ ಜಾಗ ಖಾಲಿಮಾಡಿದ ಸಮಾಧಾನ. ಅವನು ಎದ್ದು ನಿಂತು ಹೇಳಿದ:

“ನಾ ಭಾಳ ವಿಚಾರ ಮಾಡೀನಿ. ವಾಡಿ ಸ್ಟೇಷನ್ನಿನಾಗ ಮಾಲಗಾಡಿ ನೋಡೀರಿಲ್ಲ? ಉದ್ದ ಗಾಡಿ ನಿಲ್ಲಬೇಕಂದ್ರ ಮುಂದ ಜಾಗಾ ಬೇಕು. ಶಿವಕಾಂತಮ್ಮಂದು ಉದ್ದ ಹೆಸರು. ನಿಲ್ಲಲಿಕ್ಕಿ ಜಾಗಾ ಸಿಗದೆ ಮುಂದಿನ ಗಾಡಿಗಿ ಹೋಗಿ ಹಾಯ್ಲಕತ್ತದ. ಹೆಸರು ಒಂದ ಡಬ್ಬಿ ಕಡಿಮಿ ಮಾಡ್ರಿ. ‘ಶಿವಕಾಂತ’ ಅಂತ ಹಾಕ್ರಿ.”

“ಅದು ಗಂಡಸರ ಹೆಸರಾತಲ್ರಿ” ಎಂದ ಪೂಜಾರಿ.

“ಛಲೋನೇ ಆತು. ಗಂಡಸಿನ ಬೆನ್ನಿಗಿ ಗಂಡಸು ಬಂದ್ರ ಯಾರ ಸಂಸಾರಾನೂ ಕೆಡಂಗಿಲ್ಲ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. “ಅಣವೀರಪ್ಪಾ, ನಾ ಇಷ್ಟ ವರ್ಷ ಕಲ್ಲು ಬಡ್ದೀನಿ. ಸತ್ತವರ ಹೆಸರಿನಾಗ ಒಂದ ಕೊಂಬು ಕಡಿಮಿ ಮಾಡಿದಂವಲ್ಲ. ನನ್ನ ಹೇಂತಿ ಹೆಸರು ಕಡ್ಯಾಕ ನಿನಗ ಬಿಡ್ತೀನೇನು?” ಎಂದೆ.

ಗದ್ದಲವಾಯಿತು. ಮಾಸ್ತರರು ಶನಿವಾರದ ಹೊತ್ತಿಗೆ ತಮಗೆ ಬಿಡುಗಡೆ ಬೇಕೆಂದರು. ಕೊನೆಗೆ ಹೀಗೆ ತೀರ್ಮಾನವಾಯಿತು: ಶುಕ್ರವಾರ ಸಂಜೆಯೊಳಗೆ ಬೋರ್ಡು ಸರಿಯಾಗದಿದ್ದರೆ ಶನಿವಾರ ಅದನ್ನು ಬಂದ್ ಇಡುವುದು. ಕರಿಹಲಗೆಯನ್ನು ಅಡಿಗೆಯವರು ಒಲೆಗೆ ಹಾಕಿ ಆಗಿತ್ತು. ಎಂದರೆ ಶನಿವಾರ ಅವಳ ಹೆಸರು ಎಲ್ಲಿಯೂ ಇರುವುದಿಲ್ಲ. ಚಿಂಚೋಳಿಯಿಂದ, ವಾಡಿಯಿಂದ ಬಂದವರು ಹುಗ್ಗಿ ಉಂಡು, ಕತ್ತಲೆ ಬೋರ್ಡು ನೋಡಿ ಹೋಗಬೇಕು. ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿ ಕೈಮುಗಿದೆ. ಕೇಳಲು ಏನೂ ತೋಚಲಿಲ್ಲ. ಹನುಮಂತದೇವರಿಗೆ ಸಿ ಭಾಷೆ ಬರುವುದೆಂದು ಎಲ್ಲಿಯೂ ಕೇಳಿದ್ದಿಲ್ಲ.

ಶುಕ್ರವಾರ ಸುಶ್ಮಿತಾ ರಜೆ ಹಾಕಿ ಮುಂಜಾನೆಯೇ ಬಂದಳು. ಕಣ್ಣು ಕೆಂಪಾಗಿದ್ದವು. ಹಿತ್ತಲಲ್ಲಿ ಬೇವಿನ ನೆರಳಿಗೆ ಒಂದು ಹಾಸುಗಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಳು. ನಾನು ಎದುರಿಗೆ ಕೂತೆ.

“ವೈರು ಬರೋಬ್ಬರಿ ಅದ, ಬೋರ್ಡು ಬರೋಬ್ಬರಿ ಅದ. ನನ್ನ ಪ್ರೋಗ್ರಾಮೂ ಬರೋಬ್ಬರಿ ಅದ ಅಪ್ಪಾ. ಬ್ಯಾರೆ ಯಾರ ಹೆಸರಿಗೂ ಹಿಂಗ ಆಗಿಲ್ಲ. ನಮ್ಮವ್ವನ ಹೆಸರಿಗೇ ಯಾಕ?”

“ನನಗ ತಿಳಿಯೋ ಹಂಗ ಹೇಳು. ಅದು ಹೆಸರು ಹ್ಯಾಂಗ ಓದ್ತದ?”

“ಅದಕ್ಕ ಓದ್ಲಿಕ್ಕಿ ಬರಂಗಿಲ್ಲ. ಹೆಸರು ಅಂದ್ರೇನು, ಅಕ್ಷರ ಅಂದ್ರೇನು, ಅದಕ್ಕ ಗೊತ್ತಿಲ್ಲ. ಸಾಲಾಗಿ ಮನಿ ಮಾಡಿ ಒಂದೊಂದು ಮನ್ಯಾಗ ಒಂದೊಂದು ಗುರುತು ಇಟ್ಟಿರ್ತೀವಿ. ಅದಕ್ಕ ನಾವು ಸ್ಟ್ರಿಂಗ್ ಅಂತೀವಿ. ಅದು ಮೊದಲಿನ ಮನಿಯಿಂದ ಒಂದೊಂದೇ ಮುಟ್ಟಿಕೋತ ಹೋಗ್ತದ.”

“ನಿಮ್ಮವ್ವನ ಗತೆ.”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. “ಹೂಂ. ಅವ್ವನ ಗತೇನೇ.”

“ಮತ್ತ ಎಲ್ಲಿ ನಿಲ್ಲತದ?”

“ಕಡೀಕ ಒಂದು ಸೊನ್ನಿ ಇಡ್ತೀವಿ. ಕಣ್ಣಿಗಿ ಕಾಣಂಗಿಲ್ಲ. ಅದು ತಗಲ್ತಂದ್ರ ಹೆಸರು ಮುಗೀತು ಅಂತ ನಿಲ್ಲತದ. ಸೊನ್ನಿ ಸಿಗಲಿಲ್ಲಂದ್ರ ನಿಲ್ಲಂಗಿಲ್ಲ, ಮುಂದಿನವರ ಮನ್ಯಾಗ ಹೊಕ್ಕು ಅವರ ಹೆಸರೂ ಹೇಳಿಕೋತ ಹೋಗ್ತದ.”

ಇಷ್ಟು ಕೇಳಿದ ಮೇಲೆ ನನಗೆ ಮೈಯೆಲ್ಲ ಎಚ್ಚರವಾಯಿತು. ಇದು ನನ್ನ ಕಸುಬೇ. “ಒಂದು ಹೆಸರಿಗಿ ಎಷ್ಟು ಮನಿ ಬಿಟ್ಟಿ?”

“ಮೂವತ್ತು. ಇಂಗ್ಲಿಷಿನಾಗ ಒಂದ ಅಕ್ಷರಕ್ಕ ಒಂದ ಮನಿ, ಕನ್ನಡಕ್ಕ ಮೂರು. ಅವ್ವಂದು ಐದೇ ಅಕ್ಷರ. ಹದಿನೈದು ಮನ್ಯಾಗ ಮುಗೀತದ. ಅರ್ಧಾ ಖಾಲಿನೇ ಉಳೀತದ.”

“ಐದು ಯಾರು ಅಂದ್ರು?” ಎಂದೆ. “ಕಣ್ಣಿಲೆ ನೋಡಾವ್ರಿಗೆ ಐದು. ಉಳಿ ಹಿಡದಂವಗ ಕೇಳು. ಶ ಒಂದು, ಅದರ ಗುಡಿಸು ಎರಡು. ವ ಮೂರು. ಕ ನಾಕು, ಅದರ ದೀರ್ಘ ಐದು, ಸೊನ್ನಿ ಆರು. ತ ಏಳು. ಮ ಎಂಟು, ಅದರ ಕೆಳಗಿನ ಒತ್ತು ಒಂಬತ್ತು. ನಾ ಒಂಬತ್ತು ಸಲ ಉಳಿ ಎತ್ತಿ ಇಟ್ಟೀನಿ ಅಕಿ ಹೆಸರಿಗಿ.”

ಸುಶ್ಮಿತಾ ಬೆರಳು ಮಡಿಚುತ್ತಿದ್ದಳು. “ಒತ್ತಿಗಿ ಎರಡು ಹಿಡೀಬೇಕು ಅಪ್ಪಾ. ಕೂಡಿಸೋ ಗುರುತು ಒಂದು ಬ್ಯಾರೆ ಇರ್ತದ. ಅಂದ್ರ ಹತ್ತು. ಹತ್ತ ಮೂರಲೆ…”

“ಮೂವತ್ತು.”

“ಬರೋಬ್ಬರಿ ಮೂವತ್ತು!” ಅವಳು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. “ಮೂವತ್ತಕ್ಕಿಂತ ಹೆಚ್ಚು ತುಂಬಬ್ಯಾಡ ಅಂತ ಹೇಳಿದ್ದೆ. ಅದು ಹೇಳಿದಷ್ಟೇ ಮಾಡ್ಯಾದ. ಮೂವತ್ತೂ ಮನಿ ಅವ್ವನೇ ತುಂಬ್ಯಾಳ. ಸೊನ್ನಿಗಿ ಮನೀನೇ ಉಳಿದಿಲ್ಲ!”

“ಹೂವಿಗಿ ಜಾಗಾ ಬಿಟ್ಟಿಲ್ಲ ನೀ.”

“ಪ್ರತಿ ವರ್ಷ ಹುಡುಗುರಿಗಿ ನಾನೇ ಬಡ್ಕೋತೀನಿ ಅಪ್ಪಾ, ಸೊನ್ನಿಗಿ ಒಂದ ಮನಿ ಬಿಡ್ರಿ, ಸೊನ್ನಿಗಿ ಒಂದ ಮನಿ ಬಿಡ್ರಿ ಅಂತ. ಬಿಡದವರ ಮಾರ್ಕ್ಸ್ ಕಡೀತೀನಿ.” ಅವಳಿಗೆ ಅಳುವೋ ನಗುವೋ ತಿಳಿಯದಂತಾಗಿತ್ತು. “ಅಣವೀರಪ್ಪ ಕಾಕಾ ಅಂದದ್ದು ಖರೇ ಆತಲ್ಲ. ಗಾಡಿ ನಿಲ್ಲಲಿಕ್ಕಿ ಜಾಗಾ ಇರ್ಲಿಲ್ಲ.”

“ಅಂವನ ಮುಂದ ಇದನ್ನ ಹೇಳಬ್ಯಾಡ. ಇನ್ನೂ ಇಪ್ಪತ್ತು ವರ್ಷ ಅಧ್ಯಕ್ಷನೇ ಇರ್ತಾನ.”

ಒಂದೇ ಒಂದು ಅಂಕಿ ತಿದ್ದಿದಳು. ಮೂವತ್ತಿದ್ದಲ್ಲಿ ಮೂವತ್ತೊಂದು ಸಾಕಿತ್ತು. ಅವಳು ಸಿಟ್ಟಿನಿಂದ ನೂರು ಎಂದು ಬಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಲು ಎದ್ದವಳು ಗೋಡೆಯ ಹತ್ತಿರ ಹೋಗಿ, ನಾನು ಬೇಡ ಎನ್ನುವ ಮೊದಲೇ ಗೋಣಿತಟ್ಟು ಎತ್ತಿದಳು.

ಅವ್ವನ ಹೆಸರನ್ನು ಕಲ್ಲಿನ ಮೇಲೆ ಅವಳು ನೋಡಿದ್ದು ಅದೇ ಮೊದಲು. ಕೂತುಕೊಂಡು, ಅವಳ ತಾಯಿ ಮಾಡುತ್ತಿದ್ದ ಹಾಗೆಯೇ, ತೋರುಬೆರಳನ್ನು ಮೊದಲ ಅಕ್ಷರದ ಕುಳಿಯಲ್ಲಿ ಇಟ್ಟಳು. ಗುಡಿಸು, ದೀರ್ಘ, ಸೊನ್ನೆ, ಒತ್ತು ಎಲ್ಲ ಮುಟ್ಟುತ್ತ ಹೋದ ಬೆರಳು ಒತ್ತು ದಾಟಿದ ಕೂಡಲೇ ಕಲ್ಲಿನ ಅಂಚಿನಿಂದ ಜಾರಿ ಗಾಳಿಗೆ ಬಂತು.

“ಹೂವು ಎಲ್ಲಿ ಅಪ್ಪಾ?”

ನಾನು ಗೋಣಿತಟ್ಟನ್ನು ಮಡಚತೊಡಗಿದೆ.

“ಅಪ್ಪಾ. ಹೂವಿಗಿ ಜಾಗಾನೇ ಬಿಟ್ಟಿಲ್ಲಲ್ಲ ನೀನೂ!”

ವರ್ಷವಿಡೀ ನಾನು ಜರಾ ಕೆಲಸ ಅದ ಎಂದು ಮುಚ್ಚಿಟ್ಟದ್ದು ಇದನ್ನೇ. ಆ ವಾರ ಕಲ್ಲನ್ನು ಅಳತೆ ಮಾಡಿ ಕೊಯ್ದಾಗ ನನಗೆ ಏನಾಗಿತ್ತೋ ದೇವರೇ ಬಲ್ಲ. ಅವಳ ಹೆಸರಿಗೆ ಎಷ್ಟು ಬೇಕೋ ಅಷ್ಟೇ ಕೊಯ್ದಿದ್ದೆ. ಕೆತ್ತಿ ಮುಗಿದ ಮೇಲೆ, ಹೂವಿಗೆಂದು ಉಳಿ ಎತ್ತಿದರೆ ಮುಂದೆ ಕಲ್ಲೇ ಇರಲಿಲ್ಲ. ಬೇರೆಯವರ ನೂರಾರು ಕಲ್ಲಿನಲ್ಲಿ ಒಮ್ಮೆಯೂ ಆಗದ ತಪ್ಪು. ಬೇರೆ ಕಲ್ಲು ತೆಗೆದುಕೊಂಡು ಮತ್ತೆ ಕೆತ್ತಬಹುದಾಗಿತ್ತು. ಆದರೆ ಆ ಹೆಸರನ್ನು ಎರಡನೆಯ ಸಲ ಕೆತ್ತುವ ಶಕ್ತಿ ನನಗೆ ಇರಲಿಲ್ಲ. ನಿಜ ಹೇಳಬೇಕೆಂದರೆ, ಹೂವು ಇಡುವ ಮನಸ್ಸೂ ಇರಲಿಲ್ಲ. ಹೂವು ತಗುಲಿದರೆ ಮುಗೀತು ಎಂದು ಎದ್ದುಹೋಗುವವಳಲ್ಲವೇ ಅವಳು?

“ನೀ ಒಂದ ಅಂಕಿ ತಿದ್ದಿ ನೂರು ಮನಿ ಮಾಡ್ದಿ. ಕಲ್ಲಿಗಿ ಹಂಗ ಹೇಳಿದ್ರ ಕೇಳ್ತದೇನು?” ಎಂದೆ.

ಸುಶ್ಮಿತಾ ನಗಲಿಲ್ಲ. ನನ್ನ ಪಕ್ಕಕ್ಕೆ ಬಂದು ಕೂತಳು. “ಅಲ್ಲಿ ಅದೇ ಪದರಿನ ಕಲ್ಲು ಇನ್ನೊಂದ ಅದಲ್ಲ ಅಪ್ಪಾ, ಅದು ಯಾರದು?” ಎಂದಳು. ಅವಳು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಕಲ್ಲು. ಅವಳ ತಾಯಿಯ ಕಲ್ಲನ್ನು ಕೊಯ್ದ ಹಾಸಿನಿಂದಲೇ ಉಳಿದದ್ದು. ಬಣ್ಣ ಒಂದೇ, ದಪ್ಪ ಒಂದೇ.

“ಯಾರದೂ ಅಲ್ಲ.”

“ಅವ್ವನ ಹೆಸರು ಬಾಗಿಲು ತೆಗದೇ ಇರ್ಲಿ. ಬೆನ್ನಿಗಿ ಯಾರು ಬರಬೇಕು ಅನ್ನೋದು ನೋಡಿಕೊಂಡ್ರ ಆತು.”

ನಾನು ಅವಳ ಮುಖ ನೋಡಿದೆ. ನನ್ನ ಮಗಳು ಹುಡುಗರಿಗೆ ಏನು ಕಲಿಸುತ್ತಾಳೋ ನನಗೆ ತಿಳಿಯದು, ಚೆನ್ನಾಗಿಯೇ ಕಲಿಸುತ್ತಿರಬೇಕು.

ಅವಳು ಗುಡಿಗೆ ಹೋದಳು. ನಾನು ಉಳಿಯನ್ನು ಸಾಣೆ ಹಿಡಿದು ಕೂತೆ. ನಾಲ್ಕು ಗಂಟೆಗೆ ಬೋರ್ಡು ಸರಿಯಾಯಿತೆಂದು ಗುಡಿಯ ಕಡೆಯಿಂದ ಬಂದ ಜನರ ಸದ್ದಿನಿಂದಲೇ ತಿಳಿಯಿತು. ನಿರಾಶೆಯ ಸದ್ದು. ಐದು ದಿನದ ತಮಾಷೆ ಮುಗಿದಿತ್ತು. ಬಸವಂತರಾಯ ಮಾಸ್ತರರು ಮೂರು ಸಲ ಬೋರ್ಡು ಓದಿ, ತಾವು ಮತ್ತೆ ಬ್ರಹ್ಮಚಾರಿ ಆದದ್ದನ್ನು ಖಾತ್ರಿ ಮಾಡಿಕೊಂಡು, ದೇವರಿಗೆ ಕಾಯಿ ಒಡೆಸಿದರಂತೆ.

ಶನಿವಾರ ಚಿಂಚೋಳಿಯವರು ಬಂದರು, ವಾಡಿಯಿಂದ ಅಂಬರೇಶ ಬಂದ. ಬಂದವನೇ ಕೈಕಾಲು ತೊಳೆಯದೆ ಬೋರ್ಡಿನ ಕೆಳಗೆ ನಿಂತು ಪರೀಕ್ಷೆ ಮಾಡಿದ. ಕೆಂಪು ಅಕ್ಷರಗಳು ಓಡಿಬಂದವು. ಕೈಲಾಸವಾಸಿ ಶಿವಕಾಂತಮ್ಮ, ಆಮೇಲೆ ತೆರವು. ಅವಳ ಹೆಸರು ಪೂರ್ತಿಯಾಗಿ, ತಪ್ಪಿಲ್ಲದೆ, ಒಂಟಿಯಾಗಿ ಓಡಿಹೋಯಿತು. ನಾನು ಬೇಡಿಕೊಂಡದ್ದು ಅದೇ. ಆದರೂ ನೋಡುತ್ತ ನಿಂತಾಗ, ವಾರವೆಲ್ಲ ಅವಳ ಹಿಂದೆ ಯಾರೋ ಒಬ್ಬರು ಇದ್ದರಲ್ಲ, ಈಗ ಯಾರೂ ಇಲ್ಲವಲ್ಲ ಎನಿಸಿತು. ಇಂಥ ಮಾತನ್ನು ಭಾಗ್ಯಮ್ಮನ ಮುಂದೆ ಹೇಳುವ ಹಾಗಿಲ್ಲ. ಅವಳು ಹುಗ್ಗಿ ಬಡಿಸುತ್ತ ಗಂಡನ ಎಲೆಯ ಹತ್ತಿರ ಬಂದಾಗ ಸವಟು ಎತ್ತಿ ಹಿಡಿದು, “ನೀವು ಯಾರ ಪೈಕಿರಿ?” ಎಂದು ಕೇಳಿದಳು.

“ನಿನ್ನ ಪೈಕಿನೇ, ಹಾಕು ಮಾರಾಯ್ತಿ” ಎಂದ ಅಣವೀರಪ್ಪ.

ಊಟವಾದ ಮೇಲೆ ಎಲ್ಲರೂ ಹೊಲಕ್ಕೆ ಹೋದೆವು. ಎರಡು ಕಲ್ಲುಗಳನ್ನು ಎತ್ತಿನ ಗಾಡಿಯಲ್ಲಿ ತಂದಿದ್ದೆವು. ಮೊದಲು ಅವಳ ಕಲ್ಲು ನೆಟ್ಟೆವು. ಅದರ ಅಂಚಿಗೆ ಅಂಚು ಕೂಡಿಸಿ ಎರಡನೆಯದನ್ನು ನೆಟ್ಟೆವು. ಅದರ ಮೇಲೆ ಬೆಳಗಿನ ಹೊತ್ತಿನಲ್ಲಿ ನಾನು ಕೆತ್ತಿ ಮುಗಿಸಿದ್ದು ಒಂದೇ ಹೆಸರು: ಜಟ್ಟೆಪ್ಪ.

ಅಂಬರೇಶ ದೂರ ನಿಂತು ಎರಡನ್ನೂ ಕೂಡಿಸಿ ಓದಿದ. “ಶಿವಕಾಂತಮ್ಮ ಜಟ್ಟೆಪ್ಪ. ಹಾಂ, ಈಗ ಬರೋಬ್ಬರಿ ಆತು ನೋಡ್ರಿ ಮಾಮಾ” ಎಂದು ಕಣ್ಣು ಒರೆಸಿಕೊಂಡ.

ಅಣವೀರಪ್ಪ ಮಾತ್ರ ಬಗ್ಗಿ, ಎರಡು ಕಲ್ಲಿನ ನಡುವಿನ ಸಂದಿಯಲ್ಲಿ ಉಗುರು ತೂರಿಸಿ ನೋಡಿದ.

“ಏನ್ ನೋಡ್ತೀಯೋ?” ಎಂದೆ.

“ನಡುವ ಮತ್ತ ನನಗ ಜಾಗಾ ಗೀಗಾ ಬಿಟ್ಟಿಯೇನಂತ ನೋಡ್ಲಕತ್ತೀನಿ. ನನ್ನ ಚಹಾದ ಪ್ರಶ್ನಿ ಅದ.”

ಅವನು ಎದ್ದು ನಿಂತು, ನನ್ನ ಹೆಸರಿನ ಮುಂದಿನ ಬರಿಯ ಜಾಗ ನೋಡಿದ. “ಇಲ್ಲಿ ಹೂವು ಇಲ್ಲಲ್ಲೋ. ಇದನ್ನೂ ಮರ್ತೀ?”

“ಮರ್ತಿಲ್ಲ. ಅದು ನಾ ಇರೋತನಕ ಕೆತ್ತೋದಲ್ಲ.”

ಸುಶ್ಮಿತಾ ಕೂತುಕೊಂಡು ಅವ್ವನ ಮೊದಲ ಅಕ್ಷರದಲ್ಲಿ ಬೆರಳು ಇಟ್ಟಳು. ಬೆರಳು ಅವಳ ಹೆಸರನ್ನು ದಾಟಿತು, ಸಂದಿಯನ್ನು ದಾಟಿತು, ನನ್ನ ಹೆಸರನ್ನು ಮುಟ್ಟುತ್ತ ಕೊನೆಗೆ ಹೋಗಿ, ನುಣುಪಾದ ಬರಿಗಲ್ಲಿನ ಮೇಲೆ ನಿಂತಿತು. ಅಲ್ಲಿ ಅಗಲ ಎಷ್ಟಿದೆ ಎಂದು ಅವಳು ಗೇಣು ಹಾಕಿ ನೋಡಿದಳು.

“ಒಂದ ಹೂವಿಗಿ ಇಷ್ಟ ಜಾಗಾ ಯಾಕ ಅಪ್ಪಾ?”

“ನೀ ನೂರು ಬಿಟ್ಟೀಯಲ್ಲವ್ವಾ” ಎಂದೆ. “ನಾ ಎರಡು ಹೂವಿಗಾದರೂ ಬಿಡಬ್ಯಾಡೇನು?”